ಕುರಿಗಳ ದ್ವೀಪದಲ್ಲಿ ಕೆಲವು ದಿನಗಳು

ನಾವು ಪಾಠಶಾಲೆಯಲ್ಲಿ ಉಪಾಧ್ಯಾಯ ವೃತ್ತಿಯಲ್ಲಿದ್ದ ಕಾಲದಲ್ಲಿ, ಒಂದು ವರ್ಷ, ಭೂಗೋಳವನ್ನು ಕಲಿಸುತ್ತಿದ್ದ ಮಹನೀಯರು ರಜೆಯ ಮೇಲೆ ತೆರಳಿದುದರಿಂದ, ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಡುತ್ತಿದ್ದ ನಮ್ಮ ತಲೆಯ ಮೇಲೆ ಆ ಭಾರವೂ ಬಿದ್ದಿತು. ಗೋಡೆಗೆ ಯೂರೋಪ್ ಖಂಡದ ಭೂಪಟವನ್ನು ತೂಗುಹಾಕಿ, ಕೈಯಲ್ಲಿ ಬೆತ್ತವನ್ನು ಹಿಡಿದು, ದೇಶಗಳನ್ನೂ ರಾಜಧಾನಿಗಳನ್ನೂ ಒಂದೊಂದಾಗಿ ತೋರಿಸುತ್ತಿದ್ದೆವು. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಳ್ಳಿಯ ಹುಡುಗನೊಬ್ಬನು ಎದ್ದುನಿಂತು, ಸ್ಕಾಟ್ಲೆಂಡಿಗೂ ಐಸ್ಲೆಂಡಿಗೂ ನಡುವೆ ನೀಲಿಯ ಬಣ್ಣದ ಮೇಲೆ ಸಿಡಿದಂತಿದ್ದ ಕೆಲವು ಚುಕ್ಕೆಗಳನ್ನು ತೋರಿಸಿ, “ಸಾ, ನೀರ್ನಾಗೆ ಅವೇನ್ ಸಾ?” ಎಂದು ಕೇಳಿದನು. “ನೀರ್ನಾಗೆ ಅಲ್ಲ, ನೀರಿನಲ್ಲಿ ಎನ್ನು” ಎಂದು ನಾವು ಗದರಿಸಿದೆವು. ತರಗತಿಯೆಲ್ಲ ನಕ್ಕಿತು. ಹುಡುಗನು ಕುಳಿತುಬಿಟ್ಟನು. ಅವನ ಪ್ರಶ್ನೆಗೆ ಉತ್ತರವನ್ನು ಮಾತ್ರ ನಾವು ಹೇಳಲಿಲ್ಲ. ನಿಜವನ್ನು ಹೇಳುವುದಾದರೆ, ಆ ಉತ್ತರವು ನಮಗೇ ತಿಳಿದಿರಲಿಲ್ಲ.

ಇದು ನಡೆದು ಮೂವತ್ತು ವರ್ಷಗಳು ಕಳೆದುವು. ಕಳೆದ ಜುಲೈ ತಿಂಗಳಿನಲ್ಲಿ ಆ ಚುಕ್ಕೆಗಳ ಮೇಲೆಯೇ ಕಾಲಿರಿಸುವ ಯೋಗವು ನಮಗೆ ಒದಗಿತು. ಉದ್ಯೋಗ ನಿಮಿತ್ತವಾಗಿ ಕೋಪನ್‌ಹೇಗನ್ ನಗರದಲ್ಲಿ ನೆಲಸಿರುವ ನಮ್ಮ ಮಗನು ನಮ್ಮನ್ನೂ ತನ್ನ ತಾಯಿಯನ್ನೂ ಕೆಲವು ತಿಂಗಳ ಮಟ್ಟಿಗೆ ಕರೆಸಿಕೊಂಡಿದ್ದನು. ಅವನ ಸಹೋದ್ಯೋಗಿಯೊಬ್ಬನು ಫೆರೋ ದ್ವೀಪಗಳವನು. ಅವನ ತಂದೆಯು ನಮ್ಮಂತೆಯೇ ನಿವೃತ್ತ ಉಪಾಧ್ಯಾಯರೆಂಬುದು ತಿಳಿದೊಡನೆ, “ಇಬ್ಬರು ಮೇಷ್ಟ್ರುಗಳೂ ಒಂದು ವಾರ ಒಂದೇ ಮನೆಯಲ್ಲಿರಲಿ” ಎಂದು ಮಕ್ಕಳಿಬ್ಬರೂ ಸೇರಿ ಗೊತ್ತುಮಾಡಿಬಿಟ್ಟರು. ಕೋಪನ್‌ಹೇಗನ್ನಿನಿಂದ ಎರಡು ಗಂಟೆಗಳಿಗೆ ಸ್ವಲ್ಪ ಮಿಕ್ಕ ವಿಮಾನ ಪ್ರಯಾಣ. ಮೋಡವನ್ನು ಭೇದಿಸಿ ವಿಮಾನವು ಕೆಳಗಿಳಿದಾಗ ನಮಗೆ ಮೊದಲು ಕಂಡುದು ನೆಲವಲ್ಲ. ಸಮುದ್ರದಿಂದ ನೆಟ್ಟಗೆ ಮೇಲೆದ್ದ ಕಪ್ಪು ಬಂಡೆಯ ಗೋಡೆ, ಅದರ ನೆತ್ತಿಯ ಮೇಲೆ ಹಚ್ಚಹಸುರಾದ ಹುಲ್ಲು, ಆ ಹುಲ್ಲಿನಲ್ಲಿ ಬಿಳಿಯ ಚುಕ್ಕೆಗಳಂತೆ ಕುರಿಗಳು.

ಫೆರೋ ಎಂಬ ಹೆಸರಿಗೆ ಕುರಿಗಳ ದ್ವೀಪಗಳೆಂದೇ ಅರ್ಥವನ್ನು ಹೇಳುವರು. ಒಟ್ಟು 18 ದ್ವೀಪಗಳು. ಅವುಗಳಲ್ಲಿ ಒಂದನ್ನು ಬಿಟ್ಟು ಉಳಿದ 17ರಲ್ಲಿ ಜನವಸತಿಯುಂಟು. ಎಲ್ಲ ದ್ವೀಪಗಳ ವಿಸ್ತೀರ್ಣವನ್ನು ಕೂಡಿಸಿದರೂ ಸುಮಾರು 1,400 ಚದರ ಕಿಲೋಮೀಟರುಗಳನ್ನು ಮೀರದು. ಜನಸಂಖ್ಯೆ ಸುಮಾರು 54 ಸಾವಿರ. ಕುರಿಗಳ ಸಂಖ್ಯೆ ಅದಕ್ಕಿಂತ ಹೆಚ್ಚು. ಎಲ್ಲಿ ನಿಂತರೂ ಸಮುದ್ರವು ಐದು ಕಿಲೋಮೀಟರಿಗಿಂತ ದೂರವಿಲ್ಲ. ಉತ್ತರ ಅಕ್ಷಾಂಶ 62ರಲ್ಲಿದ್ದರೂ ಗಲ್ಫ್ ಪ್ರವಾಹದ ಬೆಚ್ಚನೆಯ ನೀರು ಸುತ್ತಲೂ ಹರಿಯುವುದರಿಂದ ಬಂದರುಗಳು ಹೆಪ್ಪುಗಟ್ಟುವುದಿಲ್ಲ. ಆದರೆ ಬೇಸಗೆಯೆಂಬುದೂ ಹೆಸರಿಗೆ ಮಾತ್ರ. ಜುಲೈ ತಿಂಗಳಿನಲ್ಲಿಯೂ ಶಾಖವು ಹನ್ನೊಂದು ಡಿಗ್ರಿಗಳ ಆಸುಪಾಸಿನಲ್ಲಿಯೇ ಇರುವುದು. ಗಾಳಿಯ ರಭಸಕ್ಕೆ ಮರಗಳು ತಾವಾಗಿ ಬೆಳೆಯವು. ತೋಟದ ಗೋಡೆಯ ಮರೆಯಲ್ಲಿ ಮಗುವಿನಂತೆ ಸಾಕಿದ ಒಂದೆರಡು ಗಿಡಗಳನ್ನು ಬಿಟ್ಟರೆ, ಬೆಟ್ಟವೆಲ್ಲ ಬೋಳು ಹುಲ್ಲು. ನೆರಳನ್ನು ಹುಡುಕುವ ಅಭ್ಯಾಸವುಳ್ಳ ನಮಗೆ, ನೆರಳೂ ಇಲ್ಲದ, ನೆರಳಿನ ಅಗತ್ಯವೂ ಇಲ್ಲದ ದೇಶವೊಂದಿದೆಯೆಂಬುದು ಹೊಸ ಅನುಭವವಾಯಿತು.

ನಮಗೆ ಆತಿಥ್ಯವನ್ನು ನೀಡಿದ ವೃದ್ಧರಿಗೆ ಎಪ್ಪತ್ತೈದು ವರ್ಷಗಳಿರಬಹುದು. ಎತ್ತರವಾದ ಆಳು, ಕೈಗಳು ಮಾತ್ರ ಉಪಾಧ್ಯಾಯರ ಕೈಗಳಲ್ಲ, ಹಗ್ಗವನ್ನೆಳೆದ ಬೆಸ್ತರ ಕೈಗಳು. ಅಲ್ಲಿ ಉಪಾಧ್ಯಾಯನೂ ಕುರಿ ಕತ್ತರಿಸುವನು, ದೋಣಿ ನಡೆಸುವನು, ಮನೆಯ ಮಾಡನ್ನು ತಾನೇ ಹೊದಿಸುವನು. ಮಾಡೆಂದರೆ ಹೆಂಚಲ್ಲ, ಭೂರ್ಜವೃಕ್ಷದ ತೊಗಟೆಯ ಮೇಲೆ ಮಣ್ಣುಸಮೇತವಾದ ಹುಲ್ಲಿನ ಹೆಂಟೆಗಳನ್ನು ಹಾಸುವುದು ಅಲ್ಲಿಯ ಪೂರ್ವಪದ್ಧತಿ. ಅವರ ಪತ್ನಿಯು ಬಾಗಿಲಿನಲ್ಲಿಯೇ ನಿಂತು ನಮ್ಮ ಗೃಹಿಣಿಯ ಕೈಹಿಡಿದು, ಅದು ತಣ್ಣಗಿರುವುದನ್ನು ಕಂಡು, ಮಾತಿಲ್ಲದೆ ಒಳಗೆ ಹೋಗಿ ತಾವು ಹೆಣೆದ ಉಣ್ಣೆಯ ಅಂಗಿಯೊಂದನ್ನು ತಂದು ತೊಡಿಸಿಯೇ ಬಿಟ್ಟರು. ‘ಉಣ್ಣೆಯೇ ಫೆರೋ ದೇಶದ ಹೊನ್ನು’ ಎಂಬುದು ಅಲ್ಲಿಯ ಗಾದೆ. ಅಂದಿನಿಂದ ಆ ಇಬ್ಬರು ಹೆಂಗಸರೂ ಒಬ್ಬರ ಭಾಷೆಯನ್ನು ಒಬ್ಬರು ಅರಿಯದೆಯೇ ದಿನವೆಲ್ಲ ಮಾತನಾಡಿದರು. ನಾವೂ ಆ ವೃದ್ಧರೂ ಇಂಗ್ಲಿಷಿನಲ್ಲಿ ಅದರ ಅರ್ಧದಷ್ಟನ್ನೂ ಆಡಲಿಲ್ಲ.

ಊಟದ ವಿಷಯದಲ್ಲಿ ನಮಗೆ ಮೊದಲೇ ಅಳುಕಿದ್ದಿತು. ಆ ಮಣ್ಣಿನಲ್ಲಿ ಬತ್ತವಿಲ್ಲ, ಬೇಳೆಯಿಲ್ಲ. ಬೆಳೆಯುವುದು ಆಲೂಗಡ್ಡೆ, ಕೆಲವು ಗೆಡ್ಡೆಗಳು, ಹುಳಿಯಾದ ರೂಬಾರ್ಬ್ ದಂಟು ಮತ್ತು ಹುಲ್ಲು. ಮನೆಗಳ ಪಕ್ಕದಲ್ಲಿ ಸಂದುಬಿಟ್ಟು ಹಲಗೆಗಳನ್ನು ಜಡಿದ ಸಣ್ಣ ಕೊಟ್ಟಿಗೆಯಂತಹ ಕಟ್ಟಡಗಳಿರುವುವು. ಅದರೊಳಗೆ ಕುರಿಯ ಮಾಂಸವನ್ನು ಉಪ್ಪನ್ನೂ ಸೋಕಿಸದೆ ತೂಗುಹಾಕಿ, ಕಡಲ ಗಾಳಿಯೊಂದರಿಂದಲೇ ತಿಂಗಳುಗಟ್ಟಲೆ ಒಣಗಿಸುವರು. ನಮ್ಮ ನಿಯಮವನ್ನು ತಿಳಿದಿದ್ದ ಆ ಗೃಹಿಣಿಯು ವಾರವಿಡೀ ನಮಗಾಗಿ ಬೇರೆಯ ಪಾತ್ರೆಯಲ್ಲಿ ಆಲೂಗಡ್ಡೆಯನ್ನು ಬೇಯಿಸಿ, ಬೆಣ್ಣೆ, ರೊಟ್ಟಿ, ರೂಬಾರ್ಬಿನ ಮುರಬ್ಬಗಳನ್ನು ಬಡಿಸಿದರು. ‘ಬೇರೆಯ ಪಾತ್ರೆ’ ಎಂಬುದನ್ನು ನಾವು ಕೇಳಿರಲಿಲ್ಲ. ಆ ಸೂಕ್ಷ್ಮವು ಅವರಿಗೆ ತಾನಾಗಿಯೇ ಹೊಳೆದಿತ್ತು. ಆತಿಥ್ಯಧರ್ಮವು ಯಾವುದೊಂದು ದೇಶದ ಸ್ವತ್ತೂ ಅಲ್ಲವೆಂಬುದನ್ನು ನಾವು ಅಲ್ಲಿ ಕಂಡೆವು.

ಇದೇ ಸಂದರ್ಭದಲ್ಲಿ, ನಮ್ಮ ಮನಸ್ಸನ್ನು ಕಲಕಿದ ವಿಷಯವೊಂದನ್ನೂ ಮುಚ್ಚಿಡದೆ ಹೇಳಬೇಕು. ಈ ಜನರು ಪೈಲಟ್ ತಿಮಿಂಗಿಲಗಳ ಹಿಂಡನ್ನು ದೋಣಿಗಳಿಂದ ಕೊಲ್ಲಿಯೊಳಕ್ಕೆ ಅಟ್ಟಿ, ದಡದಲ್ಲಿ ಕೊಲ್ಲುವರು. ನೀರು ಕೆಂಪಾಗುವುದನ್ನು ಚಿತ್ರಗಳಲ್ಲಿ ಕಂಡು ಲೋಕದ ಅನೇಕರು ಇವರನ್ನು ಕ್ರೂರಿಗಳೆನ್ನುವರು. ನಾವು ಸಂಕೋಚದಿಂದಲೇ ಈ ಪ್ರಸ್ತಾಪವನ್ನು ಎತ್ತಿದೆವು. ನೆರೆಮನೆಯ ಬೆಸ್ತನೊಬ್ಬನು ಕೋಪಿಸಿಕೊಳ್ಳದೆ ಹೀಗೆಂದನು: “ನಿಮ್ಮ ನೆಲವು ಅನ್ನವನ್ನು ಕೊಡುತ್ತದೆ. ನಮ್ಮ ನೆಲವು ಹುಲ್ಲನ್ನು ಕೊಡುತ್ತದೆ. ನಮ್ಮ ಅಜ್ಜಂದಿರಿಗೆ ಚಳಿಗಾಲವನ್ನು ದಾಟಿಸಿದುದು ಈ ಮಾಂಸ.” ಈ ಬೇಟೆಯ ಲೆಕ್ಕವು 1584ರಷ್ಟು ಹಿಂದಿನಿಂದ ದೊರೆಯುವುದೆಂದೂ, 1709ರಿಂದ ಎಡೆಬಿಡದೆ ಬರೆದಿಟ್ಟಿರುವುದೆಂದೂ, ಮಾಂಸವನ್ನು ಮಾರದೆ ಊರಿನವರೇ ಪಾಲುಹಾಕಿಕೊಳ್ಳುವ ಪದ್ಧತಿಯೆಂದೂ ನಮ್ಮ ಆತಿಥೇಯರು ತಿಳಿಸಿದರು. ಆದರೆ ಕಾಲವು ಮತ್ತೊಂದು ಪ್ರಶ್ನೆಯನ್ನು ತಂದೊಡ್ಡಿದೆ. ದೂರದೇಶಗಳ ಕಾರ್ಖಾನೆಗಳಿಂದ ಹೊರಟ ಪಾದರಸವು ಸಮುದ್ರವನ್ನು ಸೇರಿ, ತಿಮಿಂಗಿಲಗಳ ದೇಹದಲ್ಲಿ ಶೇಖರವಾಗುತ್ತಿರುವುದರಿಂದ, ಈ ಮಾಂಸವು ಮನುಷ್ಯರ ಆಹಾರಕ್ಕೆ ಯೋಗ್ಯವಲ್ಲವೆಂದು ದ್ವೀಪಗಳ ವೈದ್ಯಾಧಿಕಾರಿಗಳೇ 2008ರಲ್ಲಿ ಸಾರಿದರು. ಬೆಸ್ತನು ಹೇಳಿದ ಕಾರಣವು ನಮಗೆ ಅರ್ಥವಾಯಿತು, ಸಮ್ಮತವಾಗಲಿಲ್ಲ. ಆದರೆ ಅರ್ಥವಾಗುವುದಕ್ಕೆ ಮೊದಲೇ ತೀರ್ಪನ್ನು ಕೊಡುವ ನಮ್ಮ ಚಿರಕಾಲದ ಅಭ್ಯಾಸಕ್ಕೆ ಅಂದು ಸ್ವಲ್ಪ ತಡೆಯಾಯಿತು.

ಮರುದಿನ ವಾಗಾರ್ ದ್ವೀಪದ ಗಾಸಾದಾಲುರ್ ಎಂಬ ಹಳ್ಳಿಗೆ ಹೋದೆವು. ಇಪ್ಪತ್ತು ಜನರೂ ಇಲ್ಲದ ಊರು. ಮೂರು ಕಡೆ ಬೆಟ್ಟ, ಒಂದು ಕಡೆ ಕಡಿದಾದ ಪ್ರಪಾತ. ಊರಿನ ಹೊಳೆಯು ಅಂಚಿನಿಂದ ನೇರವಾಗಿ ಸಮುದ್ರಕ್ಕೆ ಧುಮುಕುವುದು. 2004ರಲ್ಲಿ ಬೆಟ್ಟವನ್ನು ಕೊರೆದು ಸುರಂಗವನ್ನು ಮಾಡುವವರೆಗೂ, ಟಪಾಲಿನವನು ಬೆಟ್ಟವನ್ನು ಹತ್ತಿ ಇಳಿದು ಕಾಗದಗಳನ್ನು ತರುತ್ತಿದ್ದನು. 1873ರವರೆಗೆ ಊರಿನಲ್ಲಿ ಶ್ಮಶಾನವೂ ಇರಲಿಲ್ಲವಾಗಿ, ಸತ್ತವರನ್ನು ಹೆಗಲ ಮೇಲೆ ಹೊತ್ತು, ಆ ಬೆಟ್ಟದ ದಾರಿಯಲ್ಲಿಯೇ ನೆರೆಯ ಬೋವುರ್ ಹಳ್ಳಿಗೆ ಒಯ್ಯಬೇಕಾಗಿದ್ದಿತು. ದಾರಿಯಲ್ಲಿ ಪೆಟ್ಟಿಗೆಯನ್ನು ಇಳಿಸಬಹುದಾದ ಬಂಡೆಯೊಂದನ್ನು ಇಂದಿಗೂ ಶವದ ಕಲ್ಲೆಂದೇ ಕರೆಯುವರು. ಈಗ ದ್ವೀಪದಿಂದ ದ್ವೀಪಕ್ಕೆ ಸಮುದ್ರದ ತಳದಲ್ಲಿಯೇ ಸುರಂಗಗಳಾಗಿವೆ. 2020ರ ಡಿಸೆಂಬರಿನಲ್ಲಿ ತೆರೆದ ಸುರಂಗವೊಂದರಲ್ಲಿ, ನೀರಿನ ಕೆಳಗೆ, ದಾರಿಗಳು ಕೂಡುವ ದುಂಡನೆಯ ವೃತ್ತವೂ ಇದೆ. ಆ ವೃತ್ತದ ನಡುವಿನ ಕಂಬದ ಸುತ್ತ, ಮನುಷ್ಯರು ಕೈಕೈ ಹಿಡಿದು ನಿಂತಿರುವ ಆಕೃತಿಗಳನ್ನು ನಿಲ್ಲಿಸಿರುವರು. “ಇದೇನು?” ಎಂದು ಕೇಳಿದೆವು. ವೃದ್ಧರು ನಕ್ಕು, “ಇದು ನಮ್ಮ ಗ್ರಂಥಾಲಯ” ಎಂದರು. ಆ ಮಾತಿನ ಅರ್ಥವು ನಮಗೆ ತಿಳಿದುದು ನಾಲ್ಕು ದಿನಗಳ ಮೇಲೆ.

ಅರ್ಥದ ಮೊದಲ ಎಳೆಯು ದೊರೆತುದು ಚಿರ್ಚುಬೋವುರ್ ಎಂಬ ಗ್ರಾಮದಲ್ಲಿ. ಇದು ಮಧ್ಯಯುಗದಲ್ಲಿ ದ್ವೀಪಗಳ ಧರ್ಮಾಧ್ಯಕ್ಷರು ವಾಸವಾಗಿದ್ದ ಸ್ಥಳ. ಸುಮಾರು 1300ರಲ್ಲಿ ಕಟ್ಟತೊಡಗಿದ ಕಲ್ಲಿನ ದೊಡ್ಡ ದೇವಾಲಯವೊಂದು ಮಾಡಿಲ್ಲದೆ ಹಾಗೆಯೇ ನಿಂತಿದೆ. ಅದರ ಮಗ್ಗುಲಲ್ಲಿ, ಒಂಬತ್ತು ನೂರು ವರ್ಷಗಳಷ್ಟು ಹಳೆಯದೆನ್ನುವ ಮರದ ಮನೆಯುಂಟು. 16ನೆಯ ಶತಮಾನದ ಮಧ್ಯಭಾಗದಿಂದ ಒಂದೇ ವಂಶದವರು ಅಲ್ಲಿ ಒಕ್ಕಲುತನ ಮಾಡಿಕೊಂಡಿರುವರು. ಮರವೇ ಬೆಳೆಯದ ದೇಶದಲ್ಲಿ ಮರದ ಮನೆ! ಅದರ ಮುಖ್ಯವಾದ ಕೋಣೆಗೆ ‘ಹೊಗೆಯ ಕೋಣೆ’ ಎಂದು ಹೆಸರು. ನಡುವೆ ಒಲೆ, ಮಾಡಿನಲ್ಲಿ ಹೊಗೆ ಹೋಗುವ ಕಿಂಡಿ, ಸುತ್ತಲೂ ಕುಳಿತುಕೊಳ್ಳಲು ಹಲಗೆಗಳು. ಚಳಿಗಾಲದ ದೀರ್ಘವಾದ ಇರುಳುಗಳಲ್ಲಿ ಮನೆಯವರೂ ಆಳುಗಳೂ ಒಟ್ಟಿಗೆ ಕುಳಿತು, ಉಣ್ಣೆಯನ್ನು ಹಿಂಜುತ್ತ, ನೂಲುತ್ತ, ಹೆಣೆಯುತ್ತ, ಕಥೆಗಳನ್ನೂ ಹಾಡುಗಳನ್ನೂ ಹೇಳಿಕೊಳ್ಳುತ್ತಿದ್ದರು. ಇದಕ್ಕೆ ‘ಸಂಜೆಯ ಕೂಟ’ವೆಂದು ಅವರು ಕರೆಯುವರು. ಪುಸ್ತಕವಿರಲಿಲ್ಲ, ಇದ್ದರೂ ಅದು ಅವರ ಭಾಷೆಯದಾಗಿರುತ್ತಿರಲಿಲ್ಲ.

ಏಕೆಂದರೆ ಈ ಜನರ ಮಾತಿಗೆ ಬಹುಕಾಲದವರೆಗೆ ಬರಹವೇ ಇರಲಿಲ್ಲವೆನ್ನಬಹುದು. ಒಂಬತ್ತನೆಯ ಶತಮಾನದಲ್ಲಿ ನಾರ್ವೆಯ ಕಡೆಯಿಂದ ಬಂದು ನೆಲಸಿದವರ ನುಡಿಯೇ ಕಾಲಕ್ರಮದಲ್ಲಿ ಫೆರೋಯೀ ಭಾಷೆಯಾಯಿತು. ದ್ವೀಪಗಳು ಮೊದಲು ನಾರ್ವೆಯ, ಆಮೇಲೆ ಡೆನ್ಮಾರ್ಕಿನ ಅರಸರ ಕೈಗೆ ಬಂದುವು. 16ನೆಯ ಶತಮಾನದ ಮತಸುಧಾರಣೆಯ ತರುವಾಯ ದೇವಾಲಯದಲ್ಲಿ ಡೇನಿಷ್, ನ್ಯಾಯಸ್ಥಾನದಲ್ಲಿ ಡೇನಿಷ್, ವ್ಯಾಪಾರದಲ್ಲಿ ಡೇನಿಷ್. ವ್ಯಾಪಾರವಾದರೂ ಅರಸನ ಒಂದೇ ಅಂಗಡಿಯ ಸ್ವಾಮ್ಯದಲ್ಲಿದ್ದು, 1856ರಲ್ಲಿಯೇ ಅದು ಬಿಡುಗಡೆಯಾದುದು. ಜನರ ಭಾಷೆಯು ಉಳಿದುದು ಅಡಿಗೆಯ ಒಲೆಯ ಬಳಿಯಲ್ಲಿ, ದೋಣಿಯಲ್ಲಿ, ಮತ್ತು ಹಾಡಿನಲ್ಲಿ. 1800ರ ಸುಮಾರಿನಲ್ಲಿ ಅದನ್ನಾಡುತ್ತಿದ್ದವರು ಎಲ್ಲ ಸೇರಿ ಐದು ಸಾವಿರದ ಆಸುಪಾಸು. ನಮ್ಮ ಸಾಧಾರಣವಾದ ಒಂದು ಹೋಬಳಿಯ ಜನರೂ ಇದಕ್ಕಿಂತ ಹೆಚ್ಚು.

ಈ ಹಾಡುಗಳು ಲೋಕಕ್ಕೆ ತಿಳಿದ ಬಗೆಯೂ ಸ್ವಾರಸ್ಯವಾಗಿದೆ. ದ್ವೀಪದವನೇ ಆದ ಸ್ವಾಬೋ ಎಂಬ ವಿದ್ವಾಂಸನು 1781 ಮತ್ತು 1782ರಲ್ಲಿ ಅವುಗಳನ್ನು ಬರೆದುಕೊಂಡನಾದರೂ, ಅವನ ಹಸ್ತಪ್ರತಿಯನ್ನು ಅಚ್ಚಿಸುವವರಿರಲಿಲ್ಲ. 1817ರಲ್ಲಿ ಲಿಂಗ್‌ಬ್ಯೂ ಎಂಬ ಡೇನಿಷ್ ಸಸ್ಯಶಾಸ್ತ್ರಜ್ಞನು ಸಮುದ್ರದ ಪಾಚಿಗಳನ್ನು ಪರೀಕ್ಷಿಸುವುದಕ್ಕಾಗಿ ಅಲ್ಲಿಗೆ ಬಂದನು. ಪಾಚಿಯನ್ನು ಅರಸಿಬಂದವನ ಕಿವಿಗೆ ಹಳ್ಳಿಗರ ಬಾಯಿಯಿಂದ ಸಿಗುರ್ಡನೆಂಬ ವೀರನು ಘಟಸರ್ಪವನ್ನು ಕೊಂದ ಪುರಾತನ ಕಥೆಯು ಬಿದ್ದಿತು. ಉತ್ತರದೇಶಗಳಲ್ಲಿ ಚರ್ಮದ ಮೇಲೆ ಬರೆದ ಪ್ರತಿಗಳಿಂದ ಮಾತ್ರ ವಿದ್ವಾಂಸರು ಬಲ್ಲ ಆ ಕಥೆಯು, ಇಲ್ಲಿ ಓದುಬರಹವಿಲ್ಲದವರ ನಾಲಗೆಯ ಮೇಲೆ ಜೀವಂತವಾಗಿದ್ದಿತು. ಅದೂ ಸುಮಾರು 600 ಪದ್ಯಗಳಷ್ಟು ಉದ್ದವಾಗಿ. 1822ರಲ್ಲಿ ಲಿಂಗ್‌ಬ್ಯೂ ಅದನ್ನು ಅಚ್ಚುಹಾಕಿಸಿದನು. ಫೆರೋಯೀ ಭಾಷೆಯಲ್ಲಿ ಅಚ್ಚಾದ ಮೊದಲನೆಯ ಪುಸ್ತಕವೇ ಅದು. ಮುಂದೆ 19ನೆಯ ಶತಮಾನದಲ್ಲಿ ಸಂಗ್ರಹವಾದ ಎಲ್ಲ ಹಾಡುಗಳನ್ನೂ ಎಣಿಸಿದರೆ ಸುಮಾರು 70 ಸಾವಿರ ಪದ್ಯಗಳಾಗುವುವು. ವೇದವನ್ನು ಬರೆಯದೆ ಬಾಯಿಪಾಠದಿಂದಲೇ ಉಳಿಸಿದ ದೇಶದಿಂದ ಬಂದ ನಮಗೆ ಇದು ಅಸಂಭವವೆಂದು ತೋರಲಿಲ್ಲ. ಆದರೆ ಅಲ್ಲಿ ಗುರುಕುಲವಿರಲಿಲ್ಲ, ಪಂಡಿತರಿರಲಿಲ್ಲ, ದಕ್ಷಿಣೆಯೂ ಇರಲಿಲ್ಲ. ಇದ್ದುದು ಬೆಸ್ತರೂ ಕುರುಬರೂ ಹೆಂಗಸರೂ ಮಾತ್ರ ಎಂಬುದನ್ನು ನೆನೆದಾಗ ನಮ್ಮ ಪಾಂಡಿತ್ಯದ ಹೆಮ್ಮೆಯು ಸ್ವಲ್ಪ ತಗ್ಗಿತು.

ಅಲ್ಲಿಯ ಹಾಡುಗಳಲ್ಲಿ ಘಟಸರ್ಪದ ಕಥೆಗಳು ಮಾತ್ರವೇ ಇರುವುವೆಂದು ತಿಳಿಯಬೇಡಿ. 1766ರಲ್ಲಿ ಹುಟ್ಟಿದ ನೋಲ್ಸೊಯಾರ್ ಪಾಲ್ ಎಂಬ ನಾವಿಕನು, ಅರಸನ ವ್ಯಾಪಾರಸ್ವಾಮ್ಯದಿಂದ ಜನರಿಗಾಗುತ್ತಿದ್ದ ತೊಂದರೆಯನ್ನು ಕಂಡು, ಸ್ವಂತ ಹಡಗನ್ನು ಕಟ್ಟಿ 1804ರಲ್ಲಿ ಕಡಲಿಗೆ ಇಳಿಸಿದನು. ಅಧಿಕಾರಿಗಳು ಅಡ್ಡಿಪಡಿಸಲು, ಅವನೊಂದು ಹಾಡನ್ನು ಕಟ್ಟಿದನು. ಅದರಲ್ಲಿ ಅಧಿಕಾರಿಗಳೂ ವರ್ತಕರೂ ಗಿಡುಗ, ಕಾಗೆಗಳಂತಹ ಹಿಂಸ್ರಪಕ್ಷಿಗಳು. ಬಡಜನರು ಸಣ್ಣ ಹಕ್ಕಿಗಳು. ಅಪಾಯ ಬಂದಾಗ ಕೂಗಿ ಎಚ್ಚರಿಸುವ ಕೆಂಪು ಕೊಕ್ಕಿನ ಕಡಲ ಹಕ್ಕಿಯೇ ಕವಿ. ಪಂಚತಂತ್ರವನ್ನು ಮೂವತ್ತು ವರ್ಷ ಪಾಠ ಹೇಳಿದ ನಮಗೆ ಇದನ್ನು ಕೇಳಿ ಹಳೆಯ ಸ್ನೇಹಿತನನ್ನು ದೂರದ ಊರಿನಲ್ಲಿ ಕಂಡಂತಾಯಿತು. ದುರ್ಬಲರು ನಿಜವನ್ನು ಹೇಳಬೇಕಾದಾಗ ಪಕ್ಷಿಗಳ ಬಾಯನ್ನು ಎರವಲು ಪಡೆಯುವರು. ಇದು ಎಲ್ಲ ಕಡೆಯೂ ಒಂದೇ. 1808ರ ಚಳಿಗಾಲದಲ್ಲಿ, ಜನರಿಗೆ ಧಾನ್ಯವನ್ನು ತರುವುದಕ್ಕೆ ಹೋದವನು ಸಮುದ್ರದಲ್ಲಿ ಕಣ್ಮರೆಯಾದನು. ಅವನ ಹಕ್ಕಿಯು ಇಂದು ದ್ವೀಪಗಳ ರಾಷ್ಟ್ರಪಕ್ಷಿಯಾಗಿದೆ.

ಒಂದು ಸಂಜೆ ಮಳೆ ಹಿಡಿದಿದ್ದಿತು. ನಾವೂ ವೃದ್ಧರೂ ಅಡಿಗೆಯ ಮನೆಯ ಮೇಜಿನ ಬಳಿ ಕುಳಿತಿದ್ದೆವು. ಅವರು ಒಂದು ಕಾಗದದ ಮೇಲೆ ‘ಸಹೋದರ’ ಎಂಬ ಅರ್ಥದ ತಮ್ಮ ಶಬ್ದವನ್ನು ಬರೆದು, ‘ಬ್ರೋವಿರ್’ ಎಂದು ಓದಿದರು. ಬರಹದಲ್ಲಿ ಮಾತ್ರ ನಡುವೆ ದಕಾರವನ್ನು ಹೋಲುವ, ಅಡ್ಡಗೆರೆಯುಳ್ಳ ಅಕ್ಷರವೊಂದಿದ್ದಿತು. “ಇದನ್ನೇಕೆ ಉಚ್ಚರಿಸಲಿಲ್ಲ?” ಎಂದೆವು. “ಅದನ್ನು ಯಾರೂ ಅದರ ಸ್ವಂತ ಧ್ವನಿಯಿಂದ ಉಚ್ಚರಿಸುವುದಿಲ್ಲ; ಮಕ್ಕಳು ಅದನ್ನು ಶಪಿಸುತ್ತಲೇ ಕಲಿಯುವರು” ಎಂದರು. ನಾವು ಅದರ ಕೆಳಗೆ ‘ಭ್ರಾತೃ’ ಎಂದು ಬರೆದೆವು. ‘ತಾಯಿ’ಗೆ ಅವರದು ‘ಮೋವಿರ್’. ಅಲ್ಲಿಯೂ ಅದೇ ಮೌನಾಕ್ಷರ. ನಾವು ‘ಮಾತೃ’ ಎಂದು ಬರೆದೆವು. ನಮ್ಮ ತಕಾರವು ನಿಂತಿರುವ ಸ್ಥಳದಲ್ಲಿಯೇ ಅವರ ಮೂಕಾಕ್ಷರವು ನಿಂತಿದ್ದಿತು! ಅವರ ಮೂರು ‘ತ್ರಯಃ’ ಎಂಬುದರ ಬಂಧು, ಅವರ ರಾತ್ರಿ ‘ನಕ್ತಂ’ ಎಂಬುದರ ಬಂಧು, ಅವರ ಮಗಳು ‘ದುಹಿತೃ’. ಹೊರಗೆ ಗಾಳಿಯು ಬಾಗಿಲನ್ನು ಬಡಿಯುತ್ತಿದ್ದಿತು; ಮುದುಕರಿಬ್ಬರು ಶಾಲೆಯ ಹುಡುಗರಂತೆ ಪದಗಳ ಜೋಡಿಗಳನ್ನು ಹುಡುಕುತ್ತ ರಾತ್ರಿಯ ಊಟವನ್ನೇ ಮರೆತೆವು. ಈ ಬಾಂಧವ್ಯವನ್ನು ಶಾಸ್ತ್ರವಾಗಿ ಕಂಡವರಲ್ಲಿ ಡೇನಿಷ್ ಪಂಡಿತನಾದ ರಾಸ್ಮುಸ್ ರಾಸ್ಕನೂ ಒಬ್ಬನು. ಅವನು 1811ರಲ್ಲಿ ಅಚ್ಚಿಸಿದ ಐಸ್ಲೆಂಡಿನ ಭಾಷೆಯ ವ್ಯಾಕರಣದಲ್ಲಿ ಫೆರೋಯೀ ಭಾಷೆಗೂ ಒಂದು ಪ್ರಕರಣವನ್ನು ಮೀಸಲಿಟ್ಟನು; 1820ರಲ್ಲಿ ಮುಂಬಯಿಗೆ ಬಂದು, ನಮ್ಮ ದೇಶದಲ್ಲಿಯೂ ಸಿಂಹಳದಲ್ಲಿಯೂ ಸಂಚರಿಸಿ, ಹಸ್ತಪ್ರತಿಗಳನ್ನು ಸಂಗ್ರಹಿಸಿಕೊಂಡು ಹೋದನು.

ಆ ಮೂಕಾಕ್ಷರವನ್ನು ಬರಹದಲ್ಲಿ ನಿಲ್ಲಿಸಿದವನು ಹಾಮರ್ಸ್‌ಹೈಮ್ಬ್ ಎಂಬುವನು. 1844ರಲ್ಲಿ ಡೆನ್ಮಾರ್ಕಿನ ಪ್ರತಿನಿಧಿಸಭೆಯೊಂದರಲ್ಲಿ ಈ ದ್ವೀಪಗಳ ಶಾಲೆಗಳ ವಿಷಯವು ಚರ್ಚೆಗೆ ಬಂದಾಗ, ಅಲ್ಲಿಯವರ ನುಡಿಯು ಭಾಷೆಯೇ ಅಲ್ಲ, ಒಂದು ಅಪಭ್ರಷ್ಟವಾದ ಆಡುನುಡಿಯೆಂಬ ಮಾತು ಹೊರಟಿತು. ಆಗ ಇಪ್ಪತ್ತೈದು ವರ್ಷದ ವಿದ್ಯಾರ್ಥಿಯಾಗಿದ್ದ ಹಾಮರ್ಸ್‌ಹೈಮ್ಬನು ಪತ್ರಿಕೆಯಲ್ಲಿ ಅದನ್ನು ಪ್ರತಿಭಟಿಸಿದನು. 1846ರಲ್ಲಿ ತನ್ನ ಭಾಷೆಗೆ ಬರಹದ ಕ್ರಮವೊಂದನ್ನು ರಚಿಸಿದನು. ಒಂದೊಂದು ದ್ವೀಪದವರ ಉಚ್ಚಾರಣೆ ಒಂದೊಂದು ವಿಧ. ಯಾರ ಉಚ್ಚಾರಣೆಯನ್ನು ಹಿಡಿದರೂ ಉಳಿದವರಿಗೆ ಅಸಮಾಧಾನ. ಆದುದರಿಂದ ಅವನು ಯಾರ ಬಾಯನ್ನೂ ಹಿಡಿಯದೆ ಶಬ್ದದ ವಂಶವನ್ನು ಹಿಡಿದನು. ಬಾಯಿ ಮರೆತುದನ್ನು ಬರಹವು ನೆನಪಿಟ್ಟಿತು. ನಮ್ಮ ಹಳಗನ್ನಡದ ಱ, ೞ ಅಕ್ಷರಗಳನ್ನು ನೆನೆದು ನಾವು ನಿಟ್ಟುಸಿರುಬಿಟ್ಟೆವು.

ಆದರೆ ಸ್ವಭಾಷೆಗೆ ಹಗೆಗಳು ಹೊರಗಿನವರು ಮಾತ್ರವೇ ಅಲ್ಲ. 1823ರಲ್ಲಿ ಕ್ರೈಸ್ತರ ಮತಗ್ರಂಥದ ಒಂದು ಭಾಗವು ಮೊಟ್ಟಮೊದಲು ಫೆರೋಯೀ ಭಾಷೆಯಲ್ಲಿ ಅಚ್ಚಾಗಿ ಬಂದಾಗ, ದ್ವೀಪದ ಜನರೇ ಅದನ್ನು ಒಪ್ಪಲಿಲ್ಲ. ದೇವರ ಮಾತು ಡೇನಿಷಿನಲ್ಲಿದ್ದರೇ ಗಂಭೀರ. ಕುರಿದೊಡ್ಡಿಯ ಮಾತಿನಲ್ಲಿ ದೇವರನ್ನು ಮಾತನಾಡಿಸುವುದೇ ಎಂದು ಅವರಿಗೆ ತೋರಿತು. ಶಾಲೆಗಳಲ್ಲಿ ಫೆರೋಯೀ ಭಾಷೆಗೆ ಡೇನಿಷಿನ ಸಮಾನ ಸ್ಥಾನವು ದೊರೆತುದು 1938ರಲ್ಲಿ. ಮುಖ್ಯಭಾಷೆಯೆಂದು ಕಾನೂನಿನ ಮನ್ನಣೆಯು ದೊರೆತುದು 1948ರ ಸ್ವಯಮಾಡಳಿತದ ಶಾಸನದಿಂದ. ನಮ್ಮ ಆತಿಥೇಯರ ತಂದೆಯು 1920ರ ದಶಕದಲ್ಲಿ ಶಾಲೆಗೆ ಹೋದವರು. ಒಂದು ದಿನ ಉಪಾಧ್ಯಾಯನು ಕಿಟಕಿಯ ಹೊರಗಿನ ಹಕ್ಕಿಯ ಹೆಸರೇನೆಂದು ಕೇಳಲು, ಹುಡುಗನು ಮನೆಯ ಮಾತಿನಲ್ಲಿ ಹೇಳಿದನು. “ಸರಿಯಾಗಿ ಹೇಳು” ಎಂದು ಉಪಾಧ್ಯಾಯನು ಗದರಿಸಿದನು. ಡೇನಿಷಿನಲ್ಲಿ ಅದರ ಹೆಸರು ಹುಡುಗನಿಗೆ ಬರಲಿಲ್ಲ. “ಗೊತ್ತಿಲ್ಲದ ಹಕ್ಕಿಯ ವಿಷಯ ಮಾತನಾಡಬೇಡ” ಎಂದು ಅವನನ್ನು ಕುಳ್ಳಿರಿಸಿದರು. “ಆ ಹಕ್ಕಿಯ ಮೊಟ್ಟೆಗಾಗಿ ನಮ್ಮ ತಂದೆಯು ಎಂಟನೆಯ ವರ್ಷದಿಂದ ಹಗ್ಗ ಕಟ್ಟಿಕೊಂಡು ಬಂಡೆಯಿಳಿಯುತ್ತಿದ್ದವರು” ಎಂದು ವೃದ್ಧರು ಹೇಳಿ ನಕ್ಕರು. ನಮಗೆ ನಗು ಬರಲಿಲ್ಲ. ನಾವು ನಮ್ಮ ಕಥೆಯನ್ನು ಅವರಿಗೆ ಹೇಳಬೇಕೆಂದುಕೊಂಡೆವು, ನಾಲಗೆ ಏಳಲಿಲ್ಲ.

ಜುಲೈ 29 ದ್ವೀಪಗಳ ದೊಡ್ಡ ಹಬ್ಬ. ಸಂತ ಓಲಾವನ ಹೆಸರಿನ ಈ ದಿನದಂದು ರಾಜಧಾನಿಯಾದ ತೋರ್ಸ್‌ಹವ್ನಿನಲ್ಲಿ ಶಾಸನಸಭೆಯ 33 ಮಂದಿ ಸದಸ್ಯರು ಮೆರವಣಿಗೆಯಲ್ಲಿ ದೇವಾಲಯಕ್ಕೆ ಹೋಗಿಬಂದು ವರ್ಷದ ಅಧಿವೇಶನವನ್ನು ಆರಂಭಿಸುವರು. ಜನರೆಲ್ಲರೂ ಕಸೂತಿಯ ಅಂಗಿ, ಬೆಳ್ಳಿಯ ಗುಂಡಿಗಳ ಪೂರ್ವಿಕ ಉಡುಪಿನಲ್ಲಿರುವರು. ನಡುರಾತ್ರಿಯಲ್ಲಿ ಸಾವಿರಾರು ಜನರು ಬೀದಿಯಲ್ಲಿ ಸೇರಿ ಒಕ್ಕೊರಲಿನಿಂದ ಹಾಡುವರು. ಆಮೇಲೆ, ಯಾರೂ ಆಜ್ಞೆ ಮಾಡದೆಯೇ, ಒಬ್ಬರ ಕೈಯನ್ನೊಬ್ಬರು ಹಿಡಿಯತೊಡಗಿದರು. ವಾದ್ಯವಿಲ್ಲ, ತಾಳವಿಲ್ಲ. ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಒಂದು ಹೆಜ್ಜೆ. ನಡುವೆ ಒಬ್ಬನು ಪದ್ಯವನ್ನು ಎತ್ತಿಕೊಡುವನು. ಅವನನ್ನು ನಾವಿಕನೆಂಬ ಅರ್ಥದ ಹೆಸರಿನಿಂದ ಕರೆಯುವರು. ಪಲ್ಲವಿಯನ್ನು ಎಲ್ಲರೂ ಹಾಡುವರು. ಮೃದಂಗದ ಕೆಲಸವನ್ನು ನೆಲದ ಮೇಲೆ ಬೀಳುವ ಪಾದಗಳೇ ಮಾಡುವುವು. ಸಾಲು ಬೆಳೆದಂತೆ ವೃತ್ತವು ಒಳಗೊಳಗೆ ಸುರುಳಿಯಾಗುವುದು. ಆಗ ಪ್ರತಿಯೊಬ್ಬರೂ ತಮ್ಮೆದುರಿಗೆ ಹಾದುಹೋಗುವ ಎಲ್ಲರ ಮುಖವನ್ನೂ ನೋಡುವರು.

“ಇದೇ ನಮ್ಮ ಗ್ರಂಥಾಲಯ” ಎಂದು ವೃದ್ಧರು ನಮ್ಮ ಕಿವಿಯಲ್ಲಿ ಹೇಳಿ, ಕೈಹಿಡಿದು ಎಳೆದರು. ಅರುವತ್ತು ವರ್ಷದ ನಾವು, ನಮ್ಮ ಗೃಹಿಣಿಯ ಸಮಕ್ಷಮದಲ್ಲಿ, ಬೀದಿಯಲ್ಲಿ ಕುಣಿಯುವುದೇ! ಆದರೆ ಆ ಮಹಾತಾಯಿಯು ಆಗಲೇ ಉಣ್ಣೆಯ ಅಂಗಿಯನ್ನು ತೊಟ್ಟು, ಆತಿಥೇಯರ ಪತ್ನಿಯ ಕೈಹಿಡಿದು, ಸಾಲಿನಲ್ಲಿ ಸೇರಿಬಿಟ್ಟಿದ್ದಳು. ನಾವೂ ಸೇರಿದೆವು. ನಮ್ಮ ಎಡಗಡೆಗೆ ಒಬ್ಬ ಬೆಸ್ತ, ಬಲಗಡೆಗೆ ಹತ್ತು ವರ್ಷದ ಹುಡುಗಿ. ಪದ್ಯಗಳು ಮುಗಿಯುವಂತೆಯೇ ತೋರಲಿಲ್ಲ. ಹುಡುಗಿಗೆ ಎಲ್ಲ ಪದ್ಯಗಳೂ ಬರುತ್ತಿರಲಿಲ್ಲ. ಆದರೆ ಪಲ್ಲವಿಯು ಬಂದೊಡನೆ ಗಟ್ಟಿಯಾಗಿ ಹಾಡುವಳು, ಉಳಿದಾಗ ಪಕ್ಕದವರ ಬಾಯನ್ನು ನೋಡುವಳು. ನಾವು ತಪ್ಪು ಹೆಜ್ಜೆಯನ್ನಿಟ್ಟಾಗಲೆಲ್ಲ, ನಗದೆ, ಗದರಿಸದೆ, ನಮ್ಮ ಕೈಯನ್ನು ಮೆಲ್ಲಗೆ ಎಳೆದು ಸರಿಯಾದ ಕಡೆಗೆ ತಿರುಗಿಸುವಳು. ಮೂವತ್ತು ವರ್ಷಗಳಿಗೂ ಮಿಕ್ಕು ಪಾಠ ಹೇಳಿದ ನಾವು, ಕಲಿಸುವುದೆಂದರೆ ಏನೆಂಬುದನ್ನು ಆ ಸಣ್ಣ ಕೈಯಿಂದ ಕಲಿತೆವು.

ಈ ಭಾಷೆಗೆ ಈಗ ಅಪಾಯವಿಲ್ಲವೇ ಎಂದು ಮರುದಿನ ಕೇಳಿದೆವು. “ಡೇನಿಷಿನ ಭಯ ಹೋಯಿತು, ಈಗ ಮಕ್ಕಳ ಕೈಯಲ್ಲಿರುವ ಯಂತ್ರಗಳು ಇಂಗ್ಲಿಷನ್ನು ಆಡುತ್ತವೆ” ಎಂದು ವೃದ್ಧರು ಹೇಳಿದರು. “ಆದರೆ ನಮ್ಮಲ್ಲಿ ಶಾಲೆಯಿದೆ, ಪತ್ರಿಕೆಯಿದೆ, ಪುಸ್ತಕಗಳಿವೆ. ಅದಕ್ಕಿಂತ ಮಿಗಿಲಾಗಿ, ಮನೆಯಲ್ಲಿ ಮಗುವು ತಪ್ಪಾಗಿ ಮಾತನಾಡಿದರೂ ಕೇಳುವವರಿದ್ದಾರೆ. ಮಗುವು ಬಾಯಿ ಮುಚ್ಚಿದ ದಿನ ಭಾಷೆಯು ಹೋಯಿತು, ಅಲ್ಲಿಯವರೆಗೆ ಇಲ್ಲ.” ಆಗ ನಾವು ನಮ್ಮ ತರಗತಿಯ ಹುಡುಗನ ಕಥೆಯನ್ನು ಅವರಿಗೆ ಹೇಳಿಯೇಬಿಟ್ಟೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಅವನು ಕೇಳಿದುದು ನಮ್ಮ ವಿಷಯವನ್ನಲ್ಲವೇ? ಹಾಗಾದರೆ ಅವನಿಗೆ ಉತ್ತರ ಹೇಳಿ” ಎಂದರು.

ಓದುವ ತಾಯಂದಿರೇ, ಸೋದರರೇ, ನಿಮ್ಮ ಮನೆಯ ಮಗುವು ಹರಕು ಮುರುಕು ಮಾತಿನಲ್ಲಿ ಏನನ್ನಾದರೂ ಕೇಳಿದರೆ, ದಯಮಾಡಿ ಮೊದಲು ಉತ್ತರವನ್ನು ಹೇಳಿರಿ, ವ್ಯಾಕರಣವು ಕಾಯಬಲ್ಲದು. ನಾವು ಊರಿಗೆ ಮರಳಿದ ಮೇಲೆ ಆ ಹಳ್ಳಿಗೆ ಹೋಗಿ ವಿಚಾರಿಸಿದೆವು. ಆ ಹುಡುಗನು ಈಗ ನಡುವಯಸ್ಸಿನ ರೈತ. ನಮ್ಮನ್ನು ಗುರುತಿಸಿ, ಜಗಲಿಯ ಮೇಲೆ ಕಂಬಳಿಯನ್ನು ಹಾಸಿ ಕುಳ್ಳಿರಿಸಿದನು. ಅಂದಿನ ಪ್ರಶ್ನೆಯು ಅವನಿಗೆ ನೆನಪಿರಲಿಲ್ಲ. ಆದರೂ ನಾವು ಹೇಳಿದೆವು: “ನೀರ್ನಾಗೆ ಹದಿನೆಂಟು ದ್ವೀಪ ಅವೆಯಪ್ಪ. ಅಲ್ಲಿ ಜನ ಅವ್ರೆ. ಕುರಿ ಸಾಕ್ತಾರೆ, ಕೈ ಹಿಡ್ಕೊಂಡು ಕುಣೀತಾರೆ.” ಅವನ ಎಂಟು ವರ್ಷದ ಮಗಳು ಬಾಗಿಲ ಮರೆಯಿಂದ ಇಣಿಕಿ ನೋಡಿ, “ಮುಂದಕ್ಕೇನಾಯ್ತು ತಾತ?” ಎಂದು ಕೇಳಿದಳು.